ಬಾಯಿಕಟ್ಟು

“ಇದು ತಿನ್ನಲಿಲ್ಲ ಅಂತ ತಲೆ ಕೆಡಿಸ್ಕೋಬೇಡಮ್ಮ. ವರ್ಷ ಆದ್ರೂ ಸರಿ, ನೀರಿಟ್ಟು ಸುಮ್ನಿದ್ದುಬಿಡು. ಮಣ್ಣು ಮಾತ್ರ ಕೆದಕಬೇಡ.”

ಗಡಿಯಾರದಜ್ಜ ಇಷ್ಟು ಹೇಳಿ ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಅಂಗಡಿಯನ್ನು ಅವನು ಅಂದು ಖಾಲಿ ಮಾಡುತ್ತಿದ್ದ. ಗೋಡೆಯ ಗಡಿಯಾರಗಳು ಇಳಿದು, ಅವಿದ್ದ ಕಡೆ ಬೆಳ್ಳನೆಯ ದುಂಡು ಕಲೆಗಳಷ್ಟೇ ಉಳಿದಿದ್ದವು. ಎಣ್ಣೆ, ಹಿತ್ತಾಳೆ, ಹಳೆಯ ಧೂಳು ಬೆರೆತ ವಾಸನೆ. ಕಿಟಕಿಯ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಹೆಣ್ಣು ಟರಾಂಟುಲಾ, ಮೈತುಂಬ ಕಂದು ಕೂದಲಿನ ಜೇಡ, ಕಾಲು ಮಡಚಿ ಕೂತಿತ್ತು. ಅಜ್ಜ ಹೊರಟಿದ್ದು ಮಗಳ ಮನೆಗೆ. ಮಗಳಿಗೆ ಜೇಡವೆಂದರೆ ಜೀವ ಬಾಯಿಗೆ ಬರುತ್ತಿತ್ತು.

ಅದನ್ನು ಕೇಳಿ ಪಡೆಯಲು ಬಂದವಳು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಟ್ಟುಹಲ್ಲು ಮಾಡುವವಳು. ದಿನಾ ಮೆಟ್ಟಿಲು ಹತ್ತುವಾಗ ಗಾಜಿನಾಚೆಗಿನ ಆ ಜೀವವನ್ನು ಆಸೆಯಿಂದ ನೋಡುತ್ತಿದ್ದಳು. ನಾಯಿ, ಬೆಕ್ಕು ಸಾಕೋಣವೆಂದರೆ ತಮ್ಮನ ಹೆಂಡತಿಗೆ ಉಬ್ಬಸ. ಜೇಡಕ್ಕೆ ಆ ತಕರಾರಿರಲಿಲ್ಲ.

“ಕೆದಕಿದ್ರೆ ಏನಾಗುತ್ತೆ ಅಜ್ಜ, ದೆವ್ವ ಏಳುತ್ತಾ?” ಎಂದು ನಕ್ಕಳು.

ಅಜ್ಜ ನಗಲಿಲ್ಲ. “ಮಾಟ ಮಾಡಿ ಇಟ್ಟಿರೋದು ಅದು. ಬಾಯಿ ಕಟ್ಟಿದೆ. ಬಿಚ್ಚಬಾರದು.”

“ಬಾಯಿ ಬಿಚ್ಚಿಸೋದೇ ನನ್ನ ಕಸುಬು” ಎಂದವಳೇ ಪೆಟ್ಟಿಗೆಯನ್ನು ಅವುಚಿಕೊಂಡು ಹೊರಟಳು. ಅಜ್ಜ ಬಾಗಿಲವರೆಗೂ ಬಂದ. ಇನ್ನೇನೋ ಹೇಳುವುದಿತ್ತು. ಅವಳು ಆಗಲೇ ಬೀದಿಗಿಳಿದಿದ್ದಳು.

ಮೊದಲ ವಾರ ಅವಳ ಕಾಲು ನೆಲದ ಮೇಲಿರಲಿಲ್ಲ. ಊಟದ ಮನೆಗೆ ಅಂಟಿಕೊಂಡ ತನ್ನ ಕೋಣೆಯಲ್ಲಿ, ಬಿಸಿಲು ನೇರ ಬೀಳದ ಮೂಲೆ ನೋಡಿ ಪೆಟ್ಟಿಗೆ ಇಟ್ಟಳು. ಸೆಖೆ ಅಳೆಯುವ ಯಂತ್ರ, ಉದ್ದ ಚಿಮಟ, ಆಳವಿಲ್ಲದ ನೀರಿನ ಬಟ್ಟಲು, ಅಡಗಿಕೊಳ್ಳಲು ಮರದ ತೊಗಟೆ ಎಲ್ಲ ತಂದಳು. ಡಬ್ಬಿಯಲ್ಲಿ ಜೀವಂತ ಜೀರುಂಡೆಗಳೂ ಬಂದವು. ಅವುಗಳ ‘ಜೀರ್’ ಸದ್ದು ಮನೆಯವರ ಕಿವಿ ಕೊರೆಯತೊಡಗಿತು.

ಜೇಡ ತಿನ್ನಲಿಲ್ಲ. ಜೀರುಂಡೆ ಎದುರು ಬಿಟ್ಟರೆ ಬೆನ್ನು ತಿರುಗಿಸಿತು. ಚಿಮಟದಲ್ಲಿ ಹಿಡಿದು ಬಾಯಿಯ ಹತ್ತಿರ ತಂದರೆ ಹಿಂಗಾಲಿನಿಂದ ಹೊಟ್ಟೆಯನ್ನು ಸರಸರನೆ ಕೆರೆದು ಕೂದಲು ತೂರಿತು. ಆ ಕೂದಲು ತಾಗಿದ ಮುಂಗೈ ನಾಲ್ಕು ದಿನ ಉರಿಯಿತು. ದಪ್ಪ ಹುಳು ತಂದಳು. ಸಣ್ಣ ಹುಳು ತಂದಳು. ಸೆಖೆ ಹೆಚ್ಚಿಸಿದಳು, ತಗ್ಗಿಸಿದಳು. ಜೇಡ ಸಾಕುವವರ ಗುಂಪೊಂದರಲ್ಲಿ ಕೇಳಿದರೆ ಒಬ್ಬ ತೇವ ಜಾಸ್ತಿ ಎಂದ, ಇನ್ನೊಬ್ಬಳು ಕಡಿಮೆ ಎಂದಳು, ಮೂರನೆಯವನು ‘ಪೊರೆ ಬಿಡೋ ಮುಂಚೆ ಹಾಗೇ, ಸುಮ್ಮನಿರಿ’ ಎಂದ. ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬಾಯಿಗೆ ಹೊಂದದ ಹಲ್ಲು ಅವಳ ಕೈಯಿಂದ ಹೊರಬಿದ್ದದ್ದಿಲ್ಲ; ಕೂರದಿದ್ದರೆ ಮತ್ತೆ ಉಜ್ಜುವಳು, ಕೂರುವವರೆಗೂ ಉಜ್ಜುವಳು. ಈ ಬಾಯಿಯ ಮುಂದೆ ಮಾತ್ರ ಅವಳ ಕೈಗುಣವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತಾಯಿತು.

“ಅಕ್ಕ, ಅದರ ತಟ್ಟೆ ನನ್ನ ಮುಂದೆ ಇಡು. ಅದಕ್ಕೂ ಸೇರಿಸಿ ನಾನೇ ತಿಂದುಬಿಡ್ತೀನಿ” ಎನ್ನುತ್ತಿದ್ದ ತಮ್ಮ. ಮರಗೆಲಸದವನು, ಆಳು ಬಾಗಿಲಿನಷ್ಟು ಅಗಲ. ಮೂರು ಜನರ ಊಟ ಒಬ್ಬನೇ ಮುಗಿಸಿ, ಮಗಳು ಪುಟ್ಟಿ ಬಿಟ್ಟದ್ದನ್ನೂ ಬಳಿದು ತಿನ್ನುವವನು.

ಎರಡು ತಿಂಗಳು ಕಳೆಯಿತು. ಒಂದು ರಜೆಯ ದಿನ ಪೆಟ್ಟಿಗೆಯ ಮಣ್ಣಿನ ಮೇಲೆ ಬಿಳಿ ಬೂಷ್ಟು ಕಂಡಿತು. ಅವಳಿಗೆ ರೇಗಿಹೋಯಿತು. ಕೊಳೆತ ನೆಲದಲ್ಲಿ ಕೂರಿಸಿದರೆ ಯಾವ ಪ್ರಾಣಿ ತಾನೇ ಉಂಡೀತು? ಎಲ್ಲ ಆ ಮುದುಕನ ಮೂಢನಂಬಿಕೆಯ ಫಲ. ಕೈಗವಸು ತೊಟ್ಟಳು. ಕೂದಲು ಮೂಗಿಗೆ ಹೋಗದಿರಲೆಂದು ಮಾಸ್ಕ್ ಕಟ್ಟಿಕೊಂಡಳು. ಜೇಡವನ್ನು ಡಬ್ಬಿಯೊಂದಕ್ಕೆ ಸಾಗಿಸಿ ಮಣ್ಣು ತೋಡತೊಡಗಿದಳು.

ತಳದಲ್ಲಿ ಕೈಗೆ ಏನೋ ತಾಕಿತು. ಕಿರುಬೆರಳುದ್ದ ಸುತ್ತಿದ ತವರದ ತಗಡು. ಸುತ್ತ ಏಳು ಸುತ್ತು ಕಪ್ಪು ದಾರ. ದಾರದಡಿ ಜೇಡದ ಕಂದು ಕೂದಲು ಒತ್ತೊತ್ತಾಗಿ ಅಂಟಿತ್ತು. ಊಟದ ಮನೆಯಲ್ಲಿ ತಮ್ಮ ತಟ್ಟೆ ಎಳೆದುಕೊಂಡು ಉಣ್ಣತೊಡಗಿದ್ದ. ಹಲ್ಲಿನ ಮೇಣ ಕೊರೆಯುವ ಚಾಕುವಿನಿಂದ ದಾರ ಕತ್ತರಿಸಿದಳು. ಒಳಗೆ ಮನುಷ್ಯರ ತಲೆಗೂದಲು, ನಾಲ್ಕೈದು ಎಳೆ.

ಮಾಸ್ಕಿನ ಮೂಲಕವೂ ವಾಸನೆ ಬಂತು. ಬಾಯಿಗಳ ವಾಸನೆಯನ್ನೆಲ್ಲ ಬಲ್ಲವಳು ಅವಳು. ಇದು ಬಹಳ ದಿನ ಏನೂ ತಿನ್ನದ ಬಾಯಿಯ ಹುಳಿ ಉಸಿರು. ಒಂದು ಗಳಿಗೆ ತಗಡನ್ನು ದೂರ ಹಿಡಿದಳು. ಮರುಗಳಿಗೆ “ಥೂ, ಇಷ್ಟಕ್ಕಾ ಮುದುಕ ಹೆದರಿಸಿದ್ದು” ಎಂದು ತಗಡನ್ನೂ ಮಣ್ಣನ್ನೂ ಕಸದ ಚೀಲಕ್ಕೆ ಸುರಿದಳು. ಕಸದ ಗಾಡಿ ಆಗಲೇ ಬೀದಿಯಲ್ಲಿತ್ತು. ಚೀಲ ಕೊಟ್ಟು ಬಂದಳು.

ಹೊಸ ತೆಂಗಿನ ನಾರಿನ ಪುಡಿ ಹಾಸಿ ಜೇಡವನ್ನು ಬಿಟ್ಟಳು. ಜೀರುಂಡೆ ಹಾಕಿದಳು. ಅದು ಎರಡು ಹೆಜ್ಜೆ ಇಟ್ಟಿತ್ತಷ್ಟೆ. ಜೇಡ ನೆಗೆಯಿತು. ಕಪ್ಪು ಹಲ್ಲುಗಳು ಇಳಿದವು. ಚರಕ್ ಎಂದು ಸದ್ದಾಯಿತು.

“ತಿಂತು” ಎಂದು ಕೂಗಿದಳು. “ನೋಡ್ರೋ, ತಿಂತು.”

ಊಟದ ಮನೆಗೆ ಹೋಗಿ ನೋಡಿದಳು. ತಮ್ಮ ತಟ್ಟೆಯ ಮುಂದೆ ಕೂತಿದ್ದ. ಬಾಯಿ ಅರ್ಧ ತೆರೆದಿತ್ತು. ಅಗಿದ ತುತ್ತು ಗಲ್ಲದ ಮೇಲಿಂದ ಜಾರಿ ಎದೆಗೆ ಬಿದ್ದಿತ್ತು.

“ಇಳೀತಿಲ್ಲ ಅಕ್ಕ” ಎಂದ. “ಒಳಗಿಂದ ಯಾರೋ ಬಾಗಿಲು ಹಾಕಿದ ಹಾಗಿದೆ.”

ಅಂದಿನಿಂದ ಅವನು ಉಣ್ಣಲಿಲ್ಲ. ನೀರೊಂದು ಇಳಿಯುತ್ತಿತ್ತು, ಹಾಲು, ಗಂಜಿ, ಹಣ್ಣಿನ ರಸ ಯಾವುದೂ ಇಳಿಯಲಿಲ್ಲ. ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ದಾರಿ ಸಲೀಸಾಗಿದೆ ಎಂದರು. ಇನ್ನೊಬ್ಬರು ನರದ ತೊಂದರೆ ಎಂದರು. ಮತ್ತೊಬ್ಬರು ಮನಸ್ಸಿನದು ಎಂದು ಮಾತ್ರೆ ಬರೆದರು, ಮಾತ್ರೆಯೂ ಇಳಿಯಲಿಲ್ಲ. ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕಿದರೆ ಹೋದದ್ದೆಲ್ಲ ಹಾಗೇ ಮೇಲೆ ಬಂತು. ಅವಳು ಫೈಲು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆದಳು. ಪ್ರತಿ ವರದಿಯ ಕೊನೆಗೂ ಒಂದೇ ಸಾಲು: ದೋಷವಿಲ್ಲ. ಆ ಸಾಲು ಓದಿದಾಗಲೆಲ್ಲ ಕಾಗದವನ್ನು ಹರಿದು ಹಾಕುವಷ್ಟು ಸಿಟ್ಟು ಬರುತ್ತಿತ್ತು.

ಮೂರು ವಾರದಲ್ಲಿ ಬಾಗಿಲಿನಂಥ ಆಳು ಹಾಸಿಗೆಯಲ್ಲಿ ಮಡಚಿಟ್ಟ ಬಟ್ಟೆಯಷ್ಟಾದ. ಇತ್ತ ಜೇಡ ದಿನಕ್ಕೆರಡು ಜೀರುಂಡೆ ಮುಗಿಸಿ ಊದಿತ್ತು. ಹಾಕುವುದನ್ನು ನಿಲ್ಲಿಸಿ ನೋಡಿದಳು. ತಮ್ಮನ ಗಂಟಲು ತೆರೆಯಲಿಲ್ಲ.

“ಆ ಹುಳ ತಿನ್ನೋಕೆ ಶುರು ಮಾಡಿದ ದಿನದಿಂದ ಇವರು ತಿಂದಿಲ್ಲ” ಎಂದಳು ತಮ್ಮನ ಹೆಂಡತಿ.

“ಸುಮ್ನಿರು. ಓದಿದೋಳು ನೀನು” ಎಂದು ಗದರಿದಳು. ಗದರಿದ ಸ್ವರ ಅವಳಿಗೇ ಪೊಳ್ಳೆನಿಸಿತು. ಚಪ್ಪಲಿ ಮೆಟ್ಟಿ ಅಜ್ಜನ ಮಗಳ ಮನೆ ಹುಡುಕಿ ಹೊರಟಳು.

ಕಿಟಕಿಗಳೆಲ್ಲ ಮುಚ್ಚಿದ ಕೋಣೆಯಲ್ಲಿ ಅಜ್ಜ ಕೂತಿದ್ದ. ಮಧ್ಯಾಹ್ನದಲ್ಲೂ ಅಲ್ಲಿ ಮಬ್ಬುಗತ್ತಲು. ಅವಳ ಮುಖ ಕಂಡದ್ದೇ ಅವನಿಗೆ ಎಲ್ಲ ತಿಳಿಯಿತು.

“ಬಿಡಿಸಿ ಹೇಳಿದ್ನಲ್ಲಮ್ಮ.”

“ಬಿಡಿಸಿ ಎಲ್ಲಿ ಹೇಳಿದ್ರಿ? ಅರ್ಧ ಹೇಳಿದ್ರಿ.”

“ಅರ್ಧಕ್ಕೇ ನಕ್ಕೆ ನೀನು.”

ಅಜ್ಜ ತಡೆದು ತಡೆದು ಹೇಳಿದ. ಅಂಗಡಿಯಲ್ಲಿ ಪಾಲಿದ್ದವನು ಜಗಳವಾಡಿ ಹೋಗುವಾಗ ಅಜ್ಜನ ಬಾಯಿ ಮಾಟದಿಂದ ಕಟ್ಟಿಸಿದ್ದ. ಅಜ್ಜ ಉಣ್ಣಲಾಗದೆ ಸಾಯುವ ಹೊತ್ತಿಗೆ ಮಂತ್ರ ಬಲ್ಲ ಹೆಂಗಸೊಬ್ಬಳು ಆ ಕಟ್ಟನ್ನು ಜೇಡದ ಮೇಲೆ ದಾಟಿಸಿದ್ದಳು. ವರ್ಷಗಟ್ಟಲೆ ಉಪವಾಸ ತಡೆಯುವ ಪ್ರಾಣಿ ಅದೊಂದೇ ಅವಳಿಗೆ ಸಿಕ್ಕಿದ್ದು.

“ಅದು ಬಿಚ್ಚೋ ಕಟ್ಟಲ್ಲ. ಜಾಗ ಬದಲಾಯಿಸುತ್ತೆ ಅಷ್ಟೆ. ನೀನು ದಾರ ಕತ್ತರಿಸಿದಾಗ ಹತ್ತಿರ ಯಾವ ಬಾಯಿ ತೆರೆದಿತ್ತೋ ಅಲ್ಲಿಗೆ ಹೋಯ್ತು. ನಿನ್ನ ಬಾಯಿ ಮುಚ್ಚಿತ್ತಾ?”

ಅವಳಿಗೆ ಮಾಸ್ಕ್ ನೆನಪಾಯಿತು, ಪಕ್ಕದಲ್ಲಿ ಉಣ್ಣುತ್ತಿದ್ದ ತಮ್ಮನೂ. “ಈಗ ಏನು ಮಾಡಲಿ?”

“ಕತ್ತರಿಸಿದ ಕೈಯೇ ಕಟ್ಟಬೇಕು. ತವರದ ಹಾಳೆ ತಗೋ. ಒಳಗೆ ತಮ್ಮನ ಕೂದಲು, ಹೊರಗೆ ಹೊರುವ ಬಾಯಿಯ ಕೂದಲು. ಕಪ್ಪು ದಾರದಲ್ಲಿ ಏಳು ಸುತ್ತು. ಜೇಡಕ್ಕೇ ಕಟ್ಟು. ಜೀವ ಇರೋ ಬಾಯಿ ಆಗಬೇಕು. ಹೊತ್ತ ಬಾಯಿ ಸತ್ತರೆ ಕಟ್ಟು ಮತ್ತೆ ಪಕ್ಕದ ಬಾಯಿ ಹುಡುಕುತ್ತೆ.” ಅಜ್ಜ ಅವಳ ಕೈ ಹಿಡಿದ. “ಬೇಗ ಹೋಗಮ್ಮ.”

ಅವಳು ಓಡಿದಳು. ಕೆಲಸದ ಕೋಣೆಗೆ ನುಗ್ಗಿ ಹಲ್ಲಿನ ಅಚ್ಚಿಗೆ ಬಳಸುವ ತವರದ ಹಾಳೆ, ಕಪ್ಪು ದಾರ ತೆಗೆದುಕೊಂಡಳು. ಬಸ್ಸಿಗೆ ಕಾಯುವ ತಾಳ್ಮೆಯಿರಲಿಲ್ಲ. ಬೀದಿಯೆಲ್ಲ ಬಿಸಿಲು. ಉಸಿರು ಕಟ್ಟುತ್ತಿತ್ತು. ಮನೆ ಬಾಗಿಲು ತೆರೆದೇ ಇತ್ತು.

ವಾಸನೆ ಮೊದಲು ಬಂತು. ಬೆಂದ ಕೂದಲಿನ ವಾಸನೆ. ಕೋಣೆಯ ತುಂಬ ಹಬೆ. ಪೆಟ್ಟಿಗೆಯ ಗಾಜು ಸೀಳಿತ್ತು. ಒಳಗೆ ಜೇಡ ಎಂಟೂ ಕಾಲು ಮುದುಡಿ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಖಾಲಿ ಪಾತ್ರೆ ಹಿಡಿದು ತಮ್ಮನ ಹೆಂಡತಿ ನಿಂತಿದ್ದಳು.

“ಕುದಿಯೋ ನೀರು ಸುರಿದೆ ಅಕ್ಕ. ಇನ್ನು ಇವರು ತಿಂತಾರೆ ಅಲ್ವಾ?”

ಅವಳ ಕೈಯಿಂದ ಪಾತ್ರೆ ಕಿತ್ತು ಕೆಳಗಿಟ್ಟಳು. ತಗಡಿನ ವಿಷಯ ಇವಳಿಗೆ ಹೇಳಿಹೋಗಿದ್ದರೆ? ಅಜ್ಜನ ಮಾತು ತನಗೆ ಅರ್ಧವಾದರೆ, ತನ್ನ ಮಾತು ಇವಳಿಗೆ ಅಷ್ಟೂ ಸಿಕ್ಕಿರಲಿಲ್ಲ.

ಪಕ್ಕದ ಕೋಣೆಯಲ್ಲಿ ತಮ್ಮನ ಉಸಿರು ಕೇಳಿಸುತ್ತಿತ್ತು. ಒಣ ಹಲಗೆಯ ಮೇಲೆ ಗರಗಸ ಎಳೆದಂತೆ. ಎಳೆತ. ನಿಲುಗಡೆ. ಎಳೆತ. ನಿಲುಗಡೆ ಉದ್ದವಾಗುತ್ತಿತ್ತು. ಹಾಸಿಗೆಯ ಮೇಲೆ ಪುಟ್ಟಿ ಅಪ್ಪನಿಗೆ ಒತ್ತಿಕೊಂಡು ಕೂತಿದ್ದಳು. ಬಾಯಲ್ಲಿ ಬಿಸ್ಕತ್ತು. ಬಾಯಿ ತೆರೆದಿತ್ತು.

ಪಕ್ಕದ ಬಾಯಿ.

“ಪುಟ್ಟಿ, ಬಾಯಿ ಮುಚ್ಚು” ಎಂದಳು. ಮಗು ಬೆಚ್ಚಿ ನೋಡಿತು.

ಕಿಟಕಿಯಾಚೆ ಕಾಂಪೌಂಡಿನ ಮೇಲೆ ಬೀದಿ ಬೆಕ್ಕೊಂದು ಮಲಗಿತ್ತು. ಕೈ ಚಾಚಿದರೆ ಕೂದಲು ಸಿಗುತ್ತಿತ್ತು. ಬೆಕ್ಕು ಎಷ್ಟು ದಿನ ತಡೆದೀತು? ಹದಿನೈದು? ಸತ್ತ ದಿನ ಕಟ್ಟು ಇದೇ ಕಿಟಕಿಯಿಂದ ಒಳಗೆ ಬರುತ್ತದೆ. ತಾನಾದರೆ ನೀರು ಕುಡಿದು ಮೂರು ವಾರ ದೂಡಬಹುದು. ಅಷ್ಟರಲ್ಲಿ ಇನ್ನೊಂದು ಜೇಡ ತರಿಸಬಹುದು.

ಎಳೆತ. ನಿಲುಗಡೆ. ನಿಲುಗಡೆ.

ತಮ್ಮನ ತಲೆಯಿಂದ ನಾಲ್ಕು ಎಳೆ ಕಿತ್ತಳು. ತವರದಲ್ಲಿ ಸುತ್ತಿದಳು. ತನ್ನ ಜಡೆಯಿಂದ ಒಂದು ಹಿಡಿ ಕಿತ್ತಳು. ನೋವೂ ತಿಳಿಯಲಿಲ್ಲ. ದಾರ ಸುತ್ತಿದಳು. ಒಂದು. ಎರಡು. ಮೂರು. ದಾರ ಜಾರಿತು. ಮತ್ತೆ ಮೂರು. ನಾಲ್ಕು. ನಾಲಿಗೆ ಒಣಗಿತು. ಐದು. ಗಂಟಲಿನಲ್ಲಿ ಯಾರೋ ಬೆರಳಿಟ್ಟರು. ಆರು. ಹುಳಿ ವಾಸನೆ ಬಂತು. ತನ್ನದೇ ಬಾಯಿಂದ ಬಂತು. ಏಳು.

“ಹಸಿವಾಗ್ತಿದೆ” ಎಂದ ತಮ್ಮ.

ಅವನು ಅಂದು ಒಂದು ಬಟ್ಟಲು ಗಂಜಿ ಕುಡಿದ. ಮರುದಿನ ಎರಡು. ಹೆಂಡತಿ ಅತ್ತಳು, ನಕ್ಕಳು, ಮತ್ತೆ ಒಲೆಯ ಮುಂದೆ ನಿಂತಳು. ಅಕ್ಕ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟು ನೋಡಿದಳು. ಅಗಿಯಬಹುದಿತ್ತು. ರುಚಿಯೂ ತಿಳಿಯುತ್ತಿತ್ತು. ಒಳಗೆ ಮಾತ್ರ ಬಾಗಿಲು ಹಾಕಿತ್ತು. ತುತ್ತನ್ನು ಕಾಗದದಲ್ಲಿ ಉಗುಳಿ ಮಡಚಿದಳು. ಮನೆಯವರಿಗೆ ‘ಬಾಯಿ ಕಟ್ಟಿದ್ದೀನಿ, ಮೈ ಇಳಿಸ್ಬೇಕು’ ಎಂದಳು. ತಮ್ಮ ಅದಕ್ಕೂ ತಮಾಷೆ ಮಾಡಿದ.

ದಾರ ಸುತ್ತಿದ ದಿನವೇ ಇನ್ನೊಂದು ಹೆಣ್ಣು ಟರಾಂಟುಲಾಗೆ ಆರ್ಡರ್ ಹಾಕಿದ್ದಳು. ನಾಳೆ ಬರುತ್ತದೆ ಎಂದರು. ಇವತ್ತು ಹೊರಟಿದೆ ಎಂದರು. ವಿಳಾಸ ಸಿಗಲಿಲ್ಲವೆಂದು ವಾಪಸು ಹೋಯಿತು. ಫೋನಿನಲ್ಲಿ ಜಗಳವಾಡಿದಳು, ಬೇಡಿಕೊಂಡಳು. ಹದಿನೆಂಟನೆಯ ದಿನ ಬಂತು. ಗೇಟಿನವರೆಗೆ ಹೋಗಿ ಪೆಟ್ಟಿಗೆ ಪಡೆಯುವಷ್ಟರಲ್ಲಿ ಎರಡು ಸಲ ಕೂತಳು.

ರಟ್ಟಿನೊಳಗೆ ಹತ್ತಿ. ಹತ್ತಿಯೊಳಗೆ ಮಾತ್ರೆ ಶೀಶೆಯಷ್ಟು ಸಣ್ಣ ಡಬ್ಬಿ. ಅದರ ತಳದಲ್ಲಿ ಎಳ್ಳುಕಾಳಿನಷ್ಟು ಏನೋ ಅಲುಗಿತು.

“ಮರಿ ಮೇಡಂ” ಎಂದ ಫೋನಿನಲ್ಲಿ ಅಂಗಡಿಯವನು. “ಚಿತ್ರದ ಕೆಳಗೆ ಬರೆದಿದ್ವಲ್ಲ. ದೊಡ್ಡದು ಯಾರ ಹತ್ರನೂ ಇಲ್ಲ ಈಗ. ಸಾಕಿದ್ರೆ ಐದಾರು ವರ್ಷಕ್ಕೆ ಅಂಗೈಯಷ್ಟಾಗುತ್ತೆ.”

“ಇದರ ಮೈಮೇಲೆ ಕೂದಲು?”

“ಹಿಡಿದು ಕೀಳೋ ಅಷ್ಟು ಎಲ್ಲಿ ಮೇಡಂ? ಬರೀ ನೂಲಿನಂಥದ್ದು. ಮುಟ್ಟಬೇಡಿ, ಸಾಯುತ್ತೆ. ಹಸಿವೂ ತಡೆಯಲ್ಲ ಮರಿಗೆ. ಎರಡು ದಿನಕ್ಕೊಮ್ಮೆ ತಪ್ಪದೆ ತಿನ್ನಿಸಿ.”

ಬೇರೆ ಮೂರು ಕಡೆ ಕೇಳಿದಳು. ಎಲ್ಲರದೂ ಅದೇ ರಾಗ. ಅಜ್ಜನ ಮಗಳು ಫೋನ್ ಎತ್ತಲಿಲ್ಲ.

ಅವಳು ಜೀರುಂಡೆಯೊಂದರ ಕಾಲನ್ನು ಚಿಮಟದಿಂದ ಮುರಿದು, ಜಜ್ಜಿ, ಡಬ್ಬಿಯೊಳಗೆ ಇಳಿಸಿದಳು. ಮರಿ ಓಡಿ ಬಂತು. ತನಗಿಂತ ದೊಡ್ಡದಾದ ಕಾಲನ್ನು ತಬ್ಬಿ ಬಾಯಿ ಹಾಕಿತು. ಅದರ ಚಿಟಿಕೆಯಷ್ಟು ಹೊಟ್ಟೆ ನೋಡನೋಡುತ್ತಿದ್ದಂತೆ ಉಬ್ಬಿತು. ಅವಳು ಕಣ್ಣು ಕೀಳದೆ ನೋಡಿದಳು.

ಊಟದ ಮನೆಯಲ್ಲಿ ತಟ್ಟೆಗಳ ಸದ್ದಾಯಿತು.

“ಅಕ್ಕ, ಎಲ್ಲಾ ಆರಿಹೋಗ್ತಿದೆ” ಎಂದು ತಮ್ಮ ಕೂಗಿದ. “ಬಾ, ಊಟ ಮಾಡೋಣ.”