ಆರು ಬಾಟಲಿ ಚೊಕ್ಕ ನೀರು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಒಬಂಗೊ ದಡದ ಪೊಲೀಸ್ ಠಾಣೆಗೆ ಬಂದದ್ದು ವಿಚಿತ್ರ ದೂರು. ನೀರು ಚೊಕ್ಕವಾಗಿದೆ ಎಂಬುದೇ ದೂರು.

ದೂರುದಾರ ಓಜ್ವಾಂಡೊ ದೋಣಿ ಇಟ್ಟುಕೊಂಡವನು, ಲೋಲ್ವೆ ಸರೋವರ ಉಳಿಸುವ ಸಮಿತಿಯ ಅಧ್ಯಕ್ಷ. ಹಳದಿ ಅಂಗಿಯ ಎದೆಯ ಮೇಲೆ ‘ಅಕೋತಳಿಗಾಗಿ’ ಎಂದು ಬರೆದಿತ್ತು. ಸಮಿತಿಯವರೆಲ್ಲರೂ ಅದೇ ಅಂಗಿ ತೊಡುತ್ತಿದ್ದರು. ಮೂರು ವರ್ಷದ ಹಿಂದೆ ಸರೋವರದ ನೀರು ಕುಡಿದು ಕಾಲರಾ ಬಂದು ತೀರಿಕೊಂಡ ಪುಟ್ಟ ಹುಡುಗಿ ಅಕೋತ್. ಅವಳನ್ನು ಮಣ್ಣು ಮಾಡಿದ ಮರುದಿನವೇ ಸಮಿತಿ ಹುಟ್ಟಿತ್ತು.

“ಹೋದ ಮಂಗಳವಾರ ಪಟ್ಟಣದ ಚರಂಡಿ ಕೊಳವೆ ಬಾಯಲ್ಲೇ ಆರು ಬಾಟಲಿ ತುಂಬಿದ್ವಿ ಸಾರ್, ಮೂಗು ಮುಚ್ಕೊಂಡು. ಈಗ ಪ್ರಯೋಗಾಲಯದೋರು ಒಂದು ಕ್ರಿಮಿನೂ ಇಲ್ಲ ಅಂತಾರೆ. ನನ್ನ ಹೆಂಡ್ತಿ ಮಾಡೋ ಚಹಾನೂ ಅಷ್ಟು ಚೊಕ್ಕ ಇರಲ್ಲ.”

ಇನ್ಸ್‌ಪೆಕ್ಟರ್ ಮುರೀಥಿ ನಗಲಿಲ್ಲ. “ಇನ್ನೊಂದ್ಸಲ ತುಂಬಿ.”

“ಏನು ತುಂಬೋದು? ನಾವು ಬಾಟಲಿ ಹಿಡಿದಿದ್ದು ನೋಡಿ ಘಟಕದೋರು ಕೊಳವೆ ಬಂದ್ ಮಾಡಿದಾರೆ. ಅವರ ಮೇಲೆ ನಾವು ಹಾಕಿದ ಕೇಸು ಶುಕ್ರವಾರ ಕೋರ್ಟಿಗೆ ಬರುತ್ತೆ. ಕೇಸು ಬಿದ್ದುಹೋದ್ರೆ ಶನಿವಾರ ಮತ್ತೆ ಬಿಡ್ತಾರೆ.”

“ಕಳಿಸೋ ತನಕ ಬಾಟಲಿ ಎಲ್ಲಿದ್ವು?”

“ಅಕೋತಳವ್ವನ ಮನೇಲಿ. ಇನ್ನೆಲ್ಲಿ?”

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಲೆನ್ಸಾ ತಲೆ ಎತ್ತಲಿಲ್ಲ. ಅಕೋತಳವ್ವ ರಿಸ್ಪಾಳನ್ನು ಲೆನ್ಸಾ ಹುಟ್ಟಿದಂದಿನಿಂದ ಚಿಕ್ಕವ್ವ ಎಂದೇ ಕರೆದವಳು. ಖಾಕಿ ತೊಟ್ಟು ಬಂದ ದಿನ ಊರಲ್ಲಿ ಮೊದಲು ಅಪ್ಪಿಕೊಂಡವಳೂ ಅವಳೇ.

ಮೊದಲ ಅನುಮಾನ ಚರಂಡಿ ನೀರು ಶುದ್ಧೀಕರಣ ಘಟಕದ ಮೇಲ್ವಿಚಾರಕನ ಮೇಲೆ ಬಿತ್ತು. ಮಂಗಳವಾರ ಸಂಜೆ ಅವನು ದಡದಲ್ಲಿ ಕಾಣಿಸಿದ್ದ. ಮೀನು ಕೊಳ್ಳಲು ಬಂದಿದ್ದೆ ಎಂದ. ಲೆನ್ಸಾ ವಿಚಾರಿಸಿದಾಗ ಮೀನು ಮಾರುವವಳು ಹೌದೆಂದಳು. “ಕೊಂಡಿದ್ದು ಎರಡೇ ಮೀನು. ಮಾತಾಡಿದ್ದು ಮಾತ್ರ ಬಸ್ಸು ಬರೋವರೆಗೂ. ನನ್ನ ಜೊತೆ ಅಲ್ಲಮ್ಮ, ಅಕೋತಳವ್ವನ ಜೊತೆ.”

ಮಧ್ಯಾಹ್ನ ಮುರೀಥಿ, ಲೆನ್ಸಾ ಪ್ರಯೋಗಾಲಯಕ್ಕೆ ಹೋದರು. ಆರನೆಯ ಬಾಟಲಿಯನ್ನು ಇನ್ನೂ ತೆರೆದಿರಲಿಲ್ಲ. ಅದರ ಮುಚ್ಚಳ ತಿರುಗಿಸಿ, ಪರೀಕ್ಷಿಸಿ, ಅಲ್ಲಿಯವನು ಹೇಳಿದ: “ಇದು ಕೆರೆ ನೀರೇ ಅಲ್ಲ, ಮಳೆ ನೀರು. ಅದಕ್ಕೆ ಕ್ರಿಮಿ ಕೊಲ್ಲೋ ಮದ್ದು ಹಾಕಿದಾರೆ, ಕ್ಲೋರಿನ್. ಕುಡಿಯೋ ನೀರಿಗೆ ಹಾಕೋ ಅಳತೆ.”

“ಮಳೆ ನೀರೇ ಸಾಕಾಗಿತ್ತಲ್ಲ,” ಎಂದ ಮುರೀಥಿ. “ಯಾರೂ ಕುಡಿಯದ ನೀರಿಗೆ ಮದ್ದು ಯಾಕೆ?”

ಲೆನ್ಸಾ ಬಾಟಲಿ ಮೂಸಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು.

ಮೂರು ಗಂಟೆಗೆ ರಿಸ್ಪಾಳ ಮನೆಯಲ್ಲಿ ಪಂಚನಾಮೆ. ಪಂಚ ಸಾಕ್ಷಿಯಾಗಿ ಓಜ್ವಾಂಡೊ ಬಂದಿದ್ದ. ತಗಡಿನ ಸೂರಿನಿಂದ ಇಳಿದ ಕೊಳವೆ ಮಳೆ ನೀರಿನ ಪೀಪಾಯಿಗೆ ಸೇರಿತ್ತು. ಬಾಟಲಿ ಇಟ್ಟಿದ್ದ ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ.

“ಬಂದೋರು ಬರಿ ಬಾಯಲ್ಲಿ ಹೋಗ್ಬಾರ್ದು,” ಎಂದು ರಿಸ್ಪಾ ಜೋಳದ ಮುದ್ದೆ, ಮೀನಿನ ಸಾರು ತಂದಿಟ್ಟಳು. ಬೇಡವೆಂದರೆ ಕೇಳುವವಳಲ್ಲ. ಕೈ ತೊಳೆಸಲು ತಂಬಿಗೆ, ಬೋಗುಣಿ ತಂದಳು. ಕಿಟಕಿಯ ಮೇಲಿದ್ದ ನೀಲಿ ಮುಚ್ಚಳದ ಸೀಸೆಗೆ ಕೈ ತಾನಾಗಿ ಹೋಯಿತು. ಒಂದು ಮುಚ್ಚಳ ಮದ್ದು ತಂಬಿಗೆಗೆ ಬಿತ್ತು.

“ಇವಳ ಮನೆ ಊಟಕ್ಕೆ ಆಸ್ಪತ್ರೆ ವಾಸನೆ ಸಾರ್,” ಎಂದು ಓಜ್ವಾಂಡೊ ನಕ್ಕ. “ಕೈ ತೊಳೆಯೋ ನೀರನ್ನೂ ಬಿಡಲ್ಲ.”

ಲೆನ್ಸಾಳ ಚಾಚಿದ ಕೈಗಳ ಮೇಲೆ ನೀರು ಸುರಿಯಿತು. ಬಾಟಲಿಯ ವಾಸನೆಯೇ.

“ಚಿಕ್ಕವ್ವಾ, ಬಾಟಲಿಗೂ ಹಾಕಿದ್ಯಾ?”

ರಿಸ್ಪಾ ತನ್ನ ಕೈಯಲ್ಲಿದ್ದ ಸೀಸೆಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. “ಹಾಕಿದ್ನಾ?” ಎಂದಳು.

ಮುರೀಥಿ ತಟ್ಟೆ ಸರಿಸಿದ. “ನೀರು ಬದಲಾಯಿಸಿದ್ದು ಯಾರು?”

“ನಾನೇ.”

“ಯಾರು ಹೇಳಿದ್ರು?”

“ಘಟಕದ ಸಾಹೇಬ್ರು. ಚರಂಡಿ ನೀರು ಬಿಡೋಕೆ ಕೊಳವೆ ತಿರುಪು ಬಿಚ್ಚೋದು ಅಲ್ಲೇ ಕೆಲಸಕ್ಕಿರೋ ನನ್ನ ಮಗ ಒಡೊಯೊ. ಸಮಿತಿಯೋರು ಕೇಸು ಗೆದ್ರೆ ತಿರುಪು ಬಿಚ್ಚಿದ ಕೈಯೇ ಜೈಲಿಗೆ ಹೋಗೋದು ಅಂದ್ರು.” ಬೋಗುಣಿ ಕೆಳಗಿಟ್ಟಳು. “ಒಂದನ್ನ ಕೆರೆ ತಗೊಂಡಾಯ್ತು.”

ಓಜ್ವಾಂಡೊ ಒದ್ದೆ ಕೈಯಲ್ಲೇ ಎದ್ದ. “ಮೂರು ವರ್ಷ ನಿನ್ನ ಮಗಳ ಹೆಸರು ಎದೆ ಮೇಲೆ ಹೊತ್ಕೊಂಡು ಬೀದಿ ಬೀದಿ ತಿರುಗಿದೀವಿ. ಲಾಠಿ ಏಟು ತಿಂದಿದೀವಿ. ನಮಗೊಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಳಿದ್ರೆ ಕೇಸು ಬಿಡ್ತಿದ್ಯಾ?”

ಹೊರಗೆ ಹಳದಿ ಅಂಗಿಯ ಹೆಂಗಸರು ನೆರೆದಿದ್ದರು. ಲೆನ್ಸಾ ರಿಸ್ಪಾಳನ್ನು ಜೀಪಿನತ್ತ ಕರೆದೊಯ್ದಾಗ ಯಾರೂ ಬೈಯಲಿಲ್ಲ. ದಾರಿ ಬಿಟ್ಟರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಲೆನ್ಸಾಗೆ.

ನಾಲ್ಕು ಗಂಟೆಗೆ ಬಂಧನ ದಾಖಲಾಯಿತು. ಸಾಕ್ಷ್ಯ ನಾಶಕ್ಕೆ ಪ್ರಚೋದನೆ ಎಂದು ಮೇಲ್ವಿಚಾರಕನನ್ನೂ ಪಟ್ಟಣದಿಂದ ಹಿಡಿದು ತಂದರು. ನೀಲಿ ಮುಚ್ಚಳದ ಸೀಸೆಗೆ ಮೊಹರು ಹಾಕಿ ಕಪಾಟಿನಲ್ಲಿಟ್ಟರು.

ಆರಕ್ಕೆ ಒಡೊಯೊ ಕೆಲಸದ ಬಟ್ಟೆಯಲ್ಲೇ ಠಾಣೆಗೆ ಬಂದ. ಅವ್ವನ ಜಾಮೀನಿನ ಮಾತೆತ್ತಲಿಲ್ಲ.

“ನನ್ನ ಹೇಳಿಕೆ ಬರ್ಕೊಳ್ಳಿ. ತಿರುಪು ಬಿಚ್ಚಿದ್ದು ನಾನು. ಯಾರು ಬಿಚ್ಚಿಸಿದ್ರು ಅನ್ನೋದನ್ನೂ ಹೇಳ್ತೀನಿ. ಶುಕ್ರವಾರ ಕೋರ್ಟಲ್ಲಿ ಎದ್ದು ನಿಂತು ಹೇಳೋದು ಅಂತ ಇದ್ದೆ.”

“ನಿಮ್ಮವ್ವಂಗೆ ಗೊತ್ತಿತ್ತಾ?”

“ಅಳ್ತಾಳೆ ಅಂತ ಹೇಳಿರ್ಲಿಲ್ಲ.” ಅವನು ಗೋಡೆ ನೋಡಿದ. “ತಂಗೀನ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನೇ ಅಲ್ವಾ ಲೆನ್ಸಾ. ದಿನಾ ಆ ತಿರುಪು ಮುಟ್ಟೋನು ನಾನು.”

ಆರು ಬಾಟಲಿ ಹೇಳದ್ದನ್ನು ಅವನು ಪೂರಾ ಹೇಳಿದ. ಲೆನ್ಸಾ ಬರೆದು ಸಹಿ ಹಾಕಿಸಿದಳು. ಕೇಸು ಬದುಕಿತು. ಅವನನ್ನು ಜೈಲಿನಿಂದ ತಪ್ಪಿಸಲೆಂದು ತಾಯಿ ಊರನ್ನೇ ಮಾರಿದ್ದಳು. ಮಗ ತಾನಾಗಿ ಬೇಡಿಗೆ ಕೈ ಒಡ್ಡಿದ್ದ.

ಲಾಕಪ್ಪಿನ ಬಾಗಿಲು ಹಾಕುವ ಮುನ್ನ ಲೆನ್ಸಾ ರಿಸ್ಪಾಳಿಗೆ ಒಂದು ಲೋಟ ನೀರು ಒಯ್ದಳು. ದಾರಿಯಂಗಡಿಯಲ್ಲಿ ತಾನೇ ಮದ್ದಿನ ಹೊಸ ಸೀಸೆ ಕೊಂಡಿದ್ದಳು.

“ಮದ್ದು ಹಾಕಿದ್ಯಾ ಮಗಾ?”

“ಹಾಕಿದೀನಿ.”

ರಿಸ್ಪಾ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದಳು. ಆಮೇಲೆ ಕುಡಿದಳು. ಲೆನ್ಸಾಳ ಮಾತನ್ನು ಅವಳು ಹಾಗೆ ಪರೀಕ್ಷಿಸಿದ್ದು ಅದೇ ಮೊದಲು.