ಮುಖ ಕೆರೆದ ಕಾರ್ಡು

"ಯಾರ್ರೀ ಇಲ್ಲಿ ಮುಖ ಬರೆದೋರು?"

ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಅವಳು ಕೂಗಿದಳು. ಕೈಯಲ್ಲಿ ಕೆಳಗಿನ ಪ್ರೆಸ್ಸಿನಲ್ಲಿ ಆಗಷ್ಟೇ ಅಚ್ಚಾದ ಮಾದರಿ ಕಾರ್ಡು. ಮಸಿ ಪೂರ್ತಿ ಒಣಗಿರಲಿಲ್ಲ, ಅವಳ ಹೆಬ್ಬೆರಳಿಗೆ ಹತ್ತಿತ್ತು.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಯಾರದೋ ಹಳೆಯ ಫೋಟೋದ ಬೂಷ್ಟನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಿದ್ದವನು ತಲೆ ಎತ್ತಿದ.

"ನಾನೇ. ಚೆನ್ನಾಗಿ ಬಂದಿದೆ ಅಲ್ವಾ?" ಎಂದ ಮುಖವರಳಿಸಿ.

ಅಯ್ಯೋ ಪುಣ್ಯಾತ್ಮ! ಎದುರಿಗೆ ನಿಂತವಳ ಕಣ್ಣನ್ನಾದರೂ ನೋಡಿ ಮಾತಾಡಬಾರದಿತ್ತೇ?

"ಚೆನ್ನಾಗಿ? ಚೆನ್ನಾಗಿ ಬಂದಿದೆಯಾ? ನನ್ನ ಚಿತ್ರ ಮುಟ್ಟೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?"

ಅವಳು ಚಿತ್ರಗಾರ್ತಿ. ಭವಿಷ್ಯ ಕೇಳಲು ಬಂದವರ ಮುಂದೆ ಹರಡುತ್ತಾರಲ್ಲ ಟ್ಯಾರೋ ಕಾರ್ಡುಗಳು, ಅಂಥದೊಂದು ಕಟ್ಟನ್ನು ಬರೆಯುತ್ತ ಊಟ ನಿದ್ದೆ ಮರೆತು ಕೂತಿದ್ದಳು. ಆದರೆ ಅವಳ ಕಟ್ಟಿನಲ್ಲಿ ರಾಜ ರಾಣಿಯರಿರಲಿಲ್ಲ. ಸೂಫಿ ಹಾಡುಗಳ ಲೋಕವನ್ನೇ ಅದರೊಳಗೆ ತಂದಿದ್ದಳು. ಬರಿಗಾಲಿನ ಅಲೆಮಾರಿ, ಮಧು ಸುರಿಯುವವಳು, ಒಡೆದ ಬಟ್ಟಲು, ದೀಪಕ್ಕೆ ಎದುರುನಿಂತ ಪತಂಗ... ಪ್ರತಿ ಚಿತ್ರದ ಕೆಳಗೆ ಅವಳೇ ಕಟ್ಟಿದ ಎರಡು ಸಾಲು ಪದ್ಯ.

ಎಲ್ಲರೂ ಹುಡುಕುವವನ ಕಾರ್ಡೊಂದಿತ್ತು. ಹೆಸರು 'ಪ್ರಿಯ'. ಹೊಳೆಯ ಆಚೆ ದಡದಲ್ಲಿ ತೇಪೆ ಹಾಕಿದ ಉಣ್ಣೆ ಅಂಗಿ ತೊಟ್ಟು, ಹೆಗಲಿಗೆ ತಂತಿವಾದ್ಯ ನೇತುಹಾಕಿಕೊಂಡು ನಿಂತ ಗಂಡಸು. ಮುಖದ ಜಾಗ ಮಾತ್ರ ಖಾಲಿ.

ಖಾಲಿ ಇತ್ತು! ಈಗ ಅಲ್ಲಿಂದ ಅವಳ ಅಪ್ಪ ನಗುತ್ತಿದ್ದ.

ಬಲಗಣ್ಣಿನ ಕೆಳಗಿನ ಮಚ್ಚೆ ಸಮೇತ. ಅವಳು ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ "ಹಾಡೋಕೆ ಹೋಗಿ ಬರ್ತೀನಿ ಪುಟ್ಟಿ" ಎಂದು ಹೊರಟು, ಮತ್ತೆ ಬಾರದೇ ಹೋದ ಅಪ್ಪ.

"ಎಲ್ಲಿ ಸಿಕ್ತು ಈ ಮುಖ?" ಅವಳ ದನಿ ಈಗ ತಗ್ಗಿತ್ತು. ಕೂಗಿದ್ದರೇ ವಾಸಿಯಿತ್ತು ಅನ್ನಿಸುವಷ್ಟು.

"ನಿಮ್ಮಮ್ಮ ಕೊಟ್ರು," ಎಂದ ಅವನು ಬ್ರಷ್ಷು ಕೆಳಗಿಟ್ಟು. "ನನ್ನ ಕೆಲಸವೇ ಇದಲ್ವಾ ಮೇಡಂ... ಹಳೇ ಫೋಟೋ ಸರಿ ಮಾಡೋದು. ಮುಖ ಅಳಿಸಿಹೋಗಿರೋ ಪಟ ಬಂದ್ರೆ ಮನೆಯವರನ್ನ ಕೇಳಿ ತುಂಬಿಸ್ತೀವಿ. ನಿಮ್ಮ ಚಿತ್ರ ಸ್ಕ್ಯಾನ್ ಮಾಡೋಕೆ ಬಂದಾಗ ಇದೊಂದು ಹಾಳಾಗಿದೆ ಅಂದ್ಕೊಂಡೆ. ನಿಮ್ಮ ಫೋನ್ ಸಿಗ್ಲಿಲ್ಲ, ಮನೆಗೆ ಬಂದೆ. ನೀವಿರಲಿಲ್ಲ. ಇವರು ಯಾರು ಅಂತ ಅಮ್ಮನ್ನ ಕೇಳ್ದೆ. ಅವರು ನೋಡ್ತಾ ನಿಂತ್ರು... ಆಮೇಲೆ ಒಳಗೆ ಹೋಗಿ ಫೋಟೋ ತಂದ್ರು, ನಿಮ್ಮಪ್ಪ ಹೋದೋರು ಬರಲೇ ಇಲ್ಲ ಅಂದ್ರು."

ಅಮ್ಮ ಕೊಟ್ಟಳೇ? ಅಮ್ಮನ ಹತ್ತಿರ ಇನ್ನೂ ಫೋಟೋ ಇತ್ತೇ?

"ಖಾಲಿ ಇದ್ದದ್ದೆಲ್ಲ ಹಾಳಾಗಿರೋದೇನ್ರೀ? ಆ ಪ್ರಿಯನಿಗೆ ಮುಖ ಇಲ್ಲ! ಅವನು ಯಾವ ಮುಖದಲ್ಲೂ ಹಿಡಿಯೋಕೆ ಸಿಗಲ್ಲ! ಕಾರ್ಡಿನ ಅರ್ಥವೇ ಅದು! ತೆಗೀರಿ, ಈಗಲೇ ತೆಗೀರಿ!"

ಹೇಳುತ್ತಲೇ ಕಾರ್ಡನ್ನು ಹರಿದು ಅವನ ಮೇಜಿನ ಮೇಲೆ ಎಸೆದಳು.

"ಏನೇ ಸಿಡುಕಿ," ಬಾಗಿಲಲ್ಲಿ ಸೋದರಮಾವ ಪ್ರತ್ಯಕ್ಷನಾದ. ಕೆಳಗಿನ ಪ್ರೆಸ್ಸು ಅವನದೇ. "ನನ್ನ ಮೆಷಿನ್ನಿಗಿಂತ ನಿನ್ನ ಸದ್ದೇ ಜೋರಾಯ್ತಲ್ಲ! ಅಷ್ಟು ಅನುಮಾನ ಇದ್ರೆ ದಿನಾ ಬಂದು ಇವನ ಪಕ್ಕ ಕೂತು ಒಂದೊಂದು ಕಾರ್ಡೂ ನೋಡ್ಕೋ. ಆಮೇಲೆ ಮಾವ ಹಾಳು ಮಾಡ್ದ ಅಂತ ನನ್ನ ತಲೆ ತಿನ್ಬೇಡ."

"ಕೂರ್ತೀನಿ!" ಎಂದಳು ಅವಳು. "ಇವರನ್ನ ನಂಬೋರು ಯಾರು?"

* * *

ಹಾಗೆ ಶುರುವಾಯಿತು ಅವರ ಜೊತೆ ಕೂರುವಿಕೆ. ಮೊದಮೊದಲು ಮಾತೆಂದರೆ ಬರೀ ಆಜ್ಞೆ.

"ಕೆಂಪು ಜಾಸ್ತಿ ಆಯ್ತು."

"ಆಯ್ತು."

"ಈಗ ಸತ್ತುಹೋಯ್ತು. ನೋಡೋಕೆ ಕಣ್ಣಿಲ್ವಾ?"

"ಇದೆ. ಸದ್ಯಕ್ಕೆ ನಿಮ್ಮ ಕಡೆ ನೋಡೋ ಧೈರ್ಯ ಇಲ್ಲ ಅಷ್ಟೇ."

ನಗು ಬಂತು. ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ಇವನ ಮುಂದೆ ನಗುವುದೇ? ಸಾಧ್ಯವೇ ಇಲ್ಲ!

ಆದರೆ ಅವನ ಕೈ... ಅವನ ಕೈ ನೋಡುವುದನ್ನು ಮಾತ್ರ ಅವಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹರಿದ ಫೋಟೋವನ್ನು ಅವನು ಎತ್ತುವುದೇ ಮಲಗಿದ ಮಗುವನ್ನು ಎತ್ತಿದಂತೆ. ಒಂದು ಮಧ್ಯಾಹ್ನ ಒಬ್ಬ ಮುದುಕಿ ಬಂದು, ಅವನು ಸರಿಮಾಡಿಕೊಟ್ಟ ಗಂಡನ ಪಟ ನೋಡಿ "ಇವನಿಗೆ ಇಷ್ಟು ಚೆಂದದ ಮೂಗು ಯಾವಾಗ ಇತ್ತಪ್ಪಾ?" ಎಂದು ದಬಾಯಿಸಿದಾಗ, ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ನಕ್ಕಮೇಲೆ ಮೂತಿ ಬಿಗಿದು ಕೂರುವುದು ಕಷ್ಟ ನೋಡಿ.

ಅವನೂ ಪ್ರಶ್ನೆ ಕೇಳತೊಡಗಿದ.

"ಸಾವಿನ ಕಾರ್ಡಿಗೆ ಮದುವೆಮನೆ ಯಾಕೆ ಬರ್ದಿದೀರಿ?"

"ಸೂಫಿಗಳಿಗೆ ಸಾವು ಅಂದ್ರೆ ಮದುವೆ. ಇಷ್ಟು ದಿನ ಅಗಲಿದ್ದ ಪ್ರಿಯನನ್ನ ಸೇರೋ ದಿನ."

"ಅಂದ್ರೆ ಬದುಕಿರೋವರೆಗೂ ಕಾಯೋದೇ ಕೆಲಸ?"

"ಹೌದು. ಕಾಯೋದು, ಬೈಯೋದು."

ಅವನು ಪತಂಗದ ಕಾರ್ಡನ್ನು ಮುಂದೆ ಎಳೆದುಕೊಂಡು ಪದ್ಯ ಓದಿದ. "'ದೀಪವೇ, ಸುಟ್ಟಿದ್ದಕ್ಕೆ ದೂರಿಲ್ಲ ನಿನ್ನ ಮೇಲೆ, ಸುಡುವ ಮೊದಲು ಹೆಸರಾದರೂ ಕೇಳಬಾರದಿತ್ತೇ?' ಇದು ಪ್ರೀತಿಯ ಪದ್ಯಾನಾ, ಜಗಳದ್ದಾ?"

"ಎರಡೂ."

"ಹಾಗಾದ್ರೆ ನಮ್ಮಿಬ್ಬರ ಮೇಲೂ ಒಂದು ಪದ್ಯ ಬರೀಬಹುದು," ಎಂದವನು ತಕ್ಷಣ ಪರದೆಯ ಕಡೆ ತಿರುಗಿಬಿಟ್ಟ. ಕಿವಿ ಕೆಂಪಾಗಿತ್ತು. ಅವಳು ಪತಂಗದ ಕಾರ್ಡನ್ನು ತಲೆಕೆಳಗಾಗಿ ಹಿಡಿದು ನೋಡತೊಡಗಿದಳು.

*ಏನಾಗ್ತಿದೆ ನನಗೆ? ಸಿಟ್ಟಲ್ಲಿ ಬಂದವಳು ನಾನು...*

ಬಣ್ಣ ಹೋಲಿಸುವಾಗ ಅವಳಿಗೊಂದು ಅಭ್ಯಾಸ. ಗೊತ್ತಿಲ್ಲದೆ ಗುನುಗುವುದು.

"ಈ ಹಾಡು ಯಾರು ಕಲಿಸಿದ್ದು?" ಒಮ್ಮೆ ಅವನು ಕೇಳಿದ.

"ಯಾರೂ ಇಲ್ಲ. ಎಲ್ಲಾ ಪುಸ್ತಕ ಓದಿ ಕಲ್ತಿದ್ದು."

"ಪುಸ್ತಕದಲ್ಲಿ ರಾಗಾನೂ ಇರುತ್ತಾ?"

ಗುನುಗು ನಿಂತಿತು.

* * *

ಉಳಿದದ್ದು ಒಂದೇ ಕಾರ್ಡು, 'ಪ್ರಿಯ'.

ಅವನು ಮೂಲ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಇನ್ನೂ ದೊಡ್ಡದು. ಖಾಲಿ ಮುಖ ಪರದೆ ತುಂಬಿತು. ಬಿಳಿಯ ಮೇಲೆ ಅಡ್ಡಾದಿಡ್ಡಿ ಗೀರುಗಳು.

"ಒಂದು ಮಾತು ಹೇಳ್ಲಾ? ಬೇಜಾರಾಗ್ಬಾರ್ದು."

"ಏನು?"

"ಇದು ಖಾಲಿ ಬಿಟ್ಟ ಜಾಗ ಅಲ್ಲ. ಇಲ್ಲಿ ನೀವೊಂದು ಮುಖ ಬರೆದಿದ್ರಿ. ಆಮೇಲೆ ಬ್ಲೇಡಿನಲ್ಲಿ ಕೆರೆದಿದೀರಿ. ಕಾಗದ ಹರಿಯೋ ಹಾಗೆ."

ಅವಳು ಪರದೆಯಿಂದ ಮುಖ ತಿರುಗಿಸಿದಳು.

"ಯಾವಾಗ ಗೊತ್ತಾಯ್ತು ನಿಮಗೆ?"

"...ಸ್ಕ್ಯಾನ್ ಮಾಡಿದ ದಿನಾನೇ."

"ಅಂದ್ರೆ ಹಾಳಾಗಿದೆ ಅಂದ್ಕೊಂಡೆ ಅಂದಿದ್ದು ಸುಳ್ಳು!" ಕುರ್ಚಿ ಹಿಂದಕ್ಕೆ ಸರಿಯಿತು. "ಗೊತ್ತಿದ್ದೂ ನಮ್ಮನೆಗೆ ಹೋದ್ರಿ! ಗೊತ್ತಿದ್ದೂ ನಮ್ಮಮ್ಮನ್ನ ಕೆದಕಿದ್ರಿ! ಇಷ್ಟು ದಿನ ಪಕ್ಕದಲ್ಲಿ ಕೂರಿಸ್ಕೊಂಡು ಒಳಗೊಳಗೇ ನಗ್ತಿದ್ರಾ?"

"ನಗೋದಾ? ನಾನು ಯಾಕೆ ನಗ್ಲಿ? ಕೆರೆದದ್ದು ನನ್ನ ಪಾಲಿಗೆ ಹಾಳಾದದ್ದೇ. ಇಷ್ಟು ಜೋರಾಗಿ ಕೆರೆದವರಿಗೆ ಆ ಮುಖ ಬೇಕು ಅಂತ ಅನ್ನಿಸ್ತು. ತಂದುಕೊಟ್ರೆ ಖುಷಿ ಪಡ್ತೀರಿ ಅಂದ್ಕೊಂಡೆ!"

"ನಿಮ್ಮನ್ನ ಕೇಳಿದ್ನಾ ನಾನು? ಸತ್ತೋರ ಮೂಗು ಬಾಯಿ ತಿದ್ದಿ ತಿದ್ದಿ, ಬದುಕಿರೋರ ಮನಸ್ಸೂ ತಿದ್ದಬಹುದು ಅಂದ್ಕೊಂಡ್ರಾ?"

ಅದು ಅವನಿಗೆ ನಾಟಿತು. ಇಷ್ಟು ದಿನ ತಗ್ಗಿ ನಡೆದವನು ಎದ್ದು ನಿಂತ.

"ನನ್ನ ಕೆಲಸದ ಬಗ್ಗೆ ಮಾತಾಡ್ಬೇಡಿ! ನಾನು ತಿದ್ದೋದು ಚಿತ್ರ. ನೀವು ಸುಳ್ಳು ಅಚ್ಚು ಹಾಕಿಸ್ತಿದೀರಿ! 'ಪ್ರಿಯನಿಗೆ ಮುಖವಿಲ್ಲ, ಅದಕ್ಕೆ ಖಾಲಿ ಬಿಟ್ಟಿದ್ದೇನೆ' ಅಂತ ಕಟ್ಟಿನ ಜೊತೆ ಕೊಡೋ ಪುಸ್ತಿಕೆಯಲ್ಲಿ ಎಷ್ಟು ಚೆಂದ ಬರ್ದಿದೀರಿ! ಖಾಲಿ ಬಿಟ್ಟಿದ್ದಾ ಅದು?"

"ಸಾಕು! ನಾನಿನ್ನು ಬರಲ್ಲ. ಮಾವನಿಗೆ ಹೇಳಿ ಬೇರೆ ಕಡೆ ಮಾಡಿಸ್ತೀನಿ."

"ಹೋಗಿ! ಬಿಟ್ಟು ಎದ್ದು ಹೋಗೋದು ನಿಮ್ಮನೆಯಲ್ಲಿ ಹೊಸದೇನಲ್ವಲ್ಲ!"

ಆಡಿದ್ದೇ ತಡ, ಅವನು ನಾಲಿಗೆ ಕಚ್ಚಿಕೊಂಡ. ಆದರೆ ಆಡಿಯಾಗಿತ್ತು.

ಅವಳು ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದಳು. ಮೊದಲ ಸಲ ಅವಳ ಜಗಳಕ್ಕೆ ಸದ್ದಿರಲಿಲ್ಲ.

* * *

ಅಮ್ಮನ ಹೊಲಿಗೆ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಸಂಜೆಯ ಬೆಳಕಲ್ಲಿ ಅಮ್ಮ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು.

"ಯಾಕಮ್ಮಾ ಕೊಟ್ಟೆ ಆ ಫೋಟೋನ?" ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಇಷ್ಟು ದಿನ ಕೇಳದೆ ಒಳಗೇ ಇಟ್ಟುಕೊಂಡಿದ್ದಳು.

"ಆ ಹುಡುಗ ಕೇಳ್ದ, ಕೊಟ್ಟೆ."

"ಕೇಳಿದವರಿಗೆಲ್ಲ ಕೊಟ್ಟುಬಿಡ್ತೀಯಾ? ನಮ್ಮನ್ನ ಬಿಟ್ಟು ಹೋದ ಮನುಷ್ಯನ ಮುಖ, ನನ್ನ ಕಾರ್ಡಿನ ಮೇಲೆ?"

ಅಮ್ಮ ಕತ್ತರಿ ಕೆಳಗಿಟ್ಟಳು.

"ಅವನೇನು ಕೇಳ್ದ ಗೊತ್ತಾ? 'ಅಮ್ಮಾ, ಇಲ್ಲಿ ಯಾರು ಇರಬೇಕಿತ್ತು' ಅಂದ. ಇಷ್ಟು ವರ್ಷದಲ್ಲಿ ಈ ಮನೇಲಿ ಯಾರು ಇರಬೇಕಿತ್ತು ಅಂತ ನನ್ನ ಒಬ್ಬರಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ? ಅಪ್ಪ ಅನ್ನೋ ಮಾತೆತ್ತಿದ್ರೆ ತಟ್ಟೆ ಬಿಟ್ಟು ಎದ್ದುಹೋಗ್ತಿದ್ದೆ. ನಿನ್ನ ಸಿಟ್ಟಿಗೆ ಹೆದರಿ ನಾನು ಅಳೋದನ್ನೂ ಮುಚ್ಚಿಟ್ಟು ಮಾಡಿದೀನಿ!"

ಅಮ್ಮನಿಗೆ ಸಿಟ್ಟು ಬಂದದ್ದನ್ನು ಅವಳು ನೋಡಿಯೇ ಇರಲಿಲ್ಲ.

"ಅಮ್ಮಾ, ನಾನು ನಿನಗೋಸ್ಕರ..."

"ನನಗೋಸ್ಕರ ಬೇಡ! ಬಿಟ್ಟು ಹೋಗಿದ್ದು ನನ್ನನ್ನ. ಬೈದೆ, ಅತ್ತೆ, ಶಾಪ ಹಾಕ್ದೆ, ಮುಗೀತು. ನಿನ್ನ ಸಿಟ್ಟು ನಿನ್ನದು, ಅದಕ್ಕೆ ನನ್ನ ಹೆಸರು ಹೇಳ್ಬೇಡ. ಕಟ್ಟಿನ ತುಂಬ ಅವರು ಹಾಡಿದ್ದನ್ನೇ ಬರ್ದು, ಅವರದೇ ಹೆಗಲು ಬರ್ದು, ಮುಖ ಮಾತ್ರ ಬೇಡ ಅಂದ್ರೆ ಯಾರು ನಂಬ್ತಾರೆ?"

ಅವಳು ಅಲ್ಲೇ ಬಟ್ಟೆರಾಶಿಯ ಪಕ್ಕ ಕುಸಿದಳು. ಎಷ್ಟೋ ವರ್ಷಗಳ ಅಳು ಒಟ್ಟಿಗೇ ಬಂತು. ಅಮ್ಮ ಬೈಯುತ್ತಲೇ ಬಂದು ತಲೆಯನ್ನು ಮಡಿಲಿಗೆಳೆದುಕೊಂಡಳು.

"ನಂಗೆ ಅವರ ಮೇಲೆ ತುಂಬಾ ಸಿಟ್ಟಿದೆಯಮ್ಮಾ..."

"ಇರ್ಲಿ ಬಿಡು. ಇದೆ ಅಂತ ಒಪ್ಕೋ, ಸಾಕು."

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೇಳಿದಳು, "ಆ ಹುಡುಗನ ಜೊತೆನೂ ಜಗಳ ಆಡಿ ಬಂದ್ಯಾ?"

"ಹೂಂ."

"ಮತ್ತೆ ಅವನಿಗೋಸ್ಕರ ಯಾಕೆ ಅಳ್ತಿದೀಯ?"

"ನಾನೇನು ಅವನಿಗೋಸ್ಕರ ಅಳ್ತಿಲ್ಲ!" ಎಂದು ಮೂಗು ಒರೆಸಿಕೊಂಡಳು. ಅಮ್ಮ ನಂಬಿದಂತೆ ತಲೆಯಾಡಿಸಿದಳು.

* * *

ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವಾಗ ಅವನು ಇಳಿದು ಬರುತ್ತಿದ್ದ. ಕೈಯಲ್ಲಿ ಒಂದು ಲಕೋಟೆ. ಕಣ್ಣು ಕೆಂಪಗಿತ್ತು.

"ನಿಮ್ಮನೆಗೇ ಹೊರಟಿದ್ದೆ." ಅವನು ಲಕೋಟೆ ಮುಂದೆ ಚಾಚಿದ. "ನಿನ್ನೆ ಆಡಿದ ಮಾತು... ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ. ಇದು ನಿಮ್ಮ ಕಾರ್ಡು. ನೀವು ಹೇಳಿದ ಹಾಗೇ ಮಾಡಿದೀನಿ. ಇನ್ನು ಮಾವ ಯಾರ ಹತ್ರ ಮಾಡಿಸಿದ್ರೂ ಸರಿ."

ಅವಳು ಕಾರ್ಡು ಹೊರತೆಗೆದಳು. ಹೊಳೆ, ಉಣ್ಣೆ ಅಂಗಿ, ಜಗ್ಗಿದ ಹೆಗಲು. ಮುಖದ ಜಾಗದಲ್ಲಿ ಹಾಲಿನಂಥ ಬಿಳುಪು. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ.

ಮತ್ತೆ ಏರಿತು ನೋಡಿ ಪಿತ್ತ!

"ಗೀರು ಎಲ್ಲಿ?"

"ತೆಗೆದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ..."

"ಯಾರು ಹೇಳಿದ್ದು ತೆಗೀರಿ ಅಂತ? ಕೇಳದೇ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ!"

ಅವನಿಗೂ ರೇಗಿತು. "ಮುಖ ಹಾಕಿದ್ರೆ ಬೈತೀರಿ, ತೆಗೆದ್ರೆ ಬೈತೀರಿ! ನಿಮಗೆ ಬೇಕಾಗಿರೋದಾದ್ರೂ ಏನು?"

"ಗೀರು ಬೇಕು!" ಅವಳ ಕಣ್ಣು ತುಂಬಿತ್ತು. "ನಾನು ಕೆರೆದ ಹಾಗೇ ಬೇಕು. ಮುಖ ಬೇಡ, ಈ ಬಿಳುಪೂ ಬೇಡ. ಆ ಸುಳ್ಳು ಸಾಲು ತೆಗೆದುಬಿಟ್ಟೆ. ಬೇರೆ ಬರೆದಿದೀನಿ."

"ಏನಂತ?"

"'ಇಲ್ಲೊಂದು ಮುಖವಿತ್ತು. ಸಿಟ್ಟಿನಲ್ಲಿ ಕೆರೆದೆ. ನಿಮಗೆ ಈ ಕಾರ್ಡು ಬಂದರೆ, ನೀವು ಯಾರ ಮೇಲೆ ಸಿಟ್ಟಾಗಿದ್ದೀರೋ ಅವರನ್ನು ನೆನೆಯಿರಿ.' ಅಷ್ಟೇ."

ಕೆಳಗೆ ಮೆಷಿನ್ನು ಶುರುವಾಯಿತು. ಅವನು ಮೆಟ್ಟಿಲ ಮೇಲೇ ಕೂತುಬಿಟ್ಟ.

"ಗೀರು ಬಿಟ್ಟು ಕೊಡೋದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಕೈ ತಾನಾಗೇ ಮುಚ್ಚೋಕೆ ಹೋಗುತ್ತೆ. ಆದ್ರೂ ಬಿಡ್ತೀನಿ. ನೀವು ಹೇಳಿದ್ರಿ ಅಂತ."

"ನಾನು ಹೇಳಿದ್ದಕ್ಕೆ ಯಾಕೆ?"

"ಯಾಕೆ ಅಂದ್ರೆ..." ಅವನು ತಲೆಯೆತ್ತಿ ಅವಳನ್ನು ನೋಡಿದ. "ನೀವು ಬೈಯೋಕೆ ಬರದೇ ಇದ್ದಿದ್ರೆ ಇವತ್ತು ನನ್ನ ದಿನ ಹೇಗೆ ಕಳೀತಿತ್ತೋ ಗೊತ್ತಿಲ್ಲ. ನನಗೆ ನೀವು ಬೇಕು. ಸಿಟ್ಟಿನ ಸಮೇತ."

ಅವಳು ಅವನ ಪಕ್ಕ ಕೂತಳು. ತೋಳಿಗೆ ತೋಳು ತಾಗಿತು. ಯಾರೂ ಸರಿಯಲಿಲ್ಲ.

"ನನಗೂ..." ಎಂದಳು. ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಿನಗೆ ನನ್ನ ಮೇಲೆ ಮತ್ತೆ ಸಿಟ್ಟು ಬಂದ್ರೆ?" ಅವನು ಮೆಲ್ಲಗೆ ಕೇಳಿದ.

"ಬರುತ್ತೆ. ದಿನಾ ಬರುತ್ತೆ."

"ಬ್ಲೇಡು ಬಚ್ಚಿಡ್ಬೇಕಾ?"

"ಬೇಡ." ಅವಳು ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. "ನಾನು ಎಷ್ಟೇ ಕೂಗಾಡಿದ್ರೂ ನೀನು ಎದ್ದು ಹೋಗ್ಬೇಡ. ಅಷ್ಟು ಸಾಕು ನನಗೆ."

"ಹೋಗಲ್ಲ."

"ಹೋಗಿ ಬರ್ತೀನಿ ಅಂತಾನೂ ಹೇಳ್ಬೇಡ."

"ಹೇಳಲ್ಲ. ಇಲ್ಲೇ ಇರ್ತೀನಿ, ಬೈಯಿ."