ಮೂರು ಚುಕ್ಕೆಯ ಪ್ಲೇಟು

"ಇದರಂಥಾದ್ದ ಇನ್ನೊಂದು ಮಾಡಿಕೊಡ್ರಿ. ಇದು ಸೊಟ್ಟ ಆಗೇತಿ. ಅಳತಿಯೊಳಗ ಮಾತ್ರ ಫರಕ ಆಗಬಾರ್ದು."

ಆ ಯುವಕ ಮೇಜಿನ ಮೇಲಿಟ್ಟ ಉಕ್ಕಿನ ಪ್ಲೇಟನ್ನು ಕಂಡು ಬ್ರಾಹ್ಮಿಯ ಕೈಯಿಂದ ಸ್ಪ್ಯಾನರ್ ಜಾರಿತು.

ಬೆನ್ನಿನ ಆಕಾರ. ಬೆಲ್ಟ್ ಪೋಣಿಸಲು ಸೀಳುಗಳು. ಮೂಲೆಯಲ್ಲಿ ಪಂಚ್ ಹೊಡೆದ ಮೂರು ಚುಕ್ಕೆ!

ಉಗಾರ ಖುರ್ದದ ಈ ವರ್ಕ್‌ಶಾಪಿನಿಂದ ಹೊರಬೀಳುವ ಪ್ರತಿ ಕಬ್ಬಿನ ಟ್ರಾಲಿಗೂ ಅಪ್ಪ ಹಾಕುತ್ತಿದ್ದ ಗುರುತು ಅದು. ಅಪ್ಪ ಹೋದ ಮೇಲೆ ಅವಳೂ ಬಿಟ್ಟಿರಲಿಲ್ಲ.

"ಇದು... ಯಾರದ್ರೀ?"

"ನಮ್ಮ ಅಣ್ಣಂದು. ಧರಣೇಂದ್ರ ಅಂತ. ನಾ ಸುಹಾಸ. ಇಬ್ರೂ ಮಾಲವಣದ ಸಮುದ್ರದಾಗ ಡೈವರ್ ಇದ್ವಿ." ಸಿಲಿಂಡರ್ ಕೂರಿಸಲು ಡೈವರುಗಳು ಬೆನ್ನಿಗೆ ಕಟ್ಟುವ ಆ ಪ್ಲೇಟನ್ನು ಅವನು ಸವರಿದ. "ಹೋದ ವರ್ಷ ಪಂಪಿನ ಜಾಳಿ ಸ್ವಚ್ಛ ಮಾಡಾಕ ಇಲ್ಲೇ ಹೊಳಿ ಮಡುವಿಗೆ ಇಳದಾಂವ ಮ್ಯಾಲ ಬರಲೇ ಇಲ್ರಿ. ಈಗ ನೀರು ಇಳದ ಮ್ಯಾಲ ಇದಷ್ಟ ಸಿಕ್ಕೈತಿ."

ಏಪ್ರಿಲ್ ಮಧ್ಯಾಹ್ನ, ತಗಡಿನ ಚಾವಣಿ ಕಾದಿತ್ತು. ಆದರೂ ಪ್ಲೇಟು ಕೊರೆಯುವಷ್ಟು ತಣ್ಣಗಿತ್ತು. ಬೋಲ್ಟಿನ ತೂತಿನಿಂದ ಒಂದು ಹನಿ ನೀರು ಬಿತ್ತು. ಒರೆಸಿದಳು. ಮತ್ತೊಂದು ಬಿತ್ತು.

"ವಾರ ಆತು ಬಿಸಿಲಿಗಿಟ್ಟು," ಎಂದ ಸುಹಾಸ ಮೆಲ್ಲಗೆ. "ಒಣಗವಲ್ದು."

"ಹೊಸಾದು ಕಟಗೊಂಡು ಏನ್ ಮಾಡ್ತೀರಿ?"

"ಅದ ಮಡುವಿಗೆ ಇಳೀತೀನ್ರಿ. ಅಣ್ಣ ಹೆಂಗ ಹೋಗ್ಯಾನೋ ಹಂಗ ಹೋದ್ರ ಸಿಗತಾನ. ಇಷ್ಟು ದಪ್ಪ ಪ್ಲೇಟು ಆರಿಸ್ಯಾನಂದ್ರ ಅದಕ್ಕೇನೋ ಕಾರಣ ಇರಬೇಕು."

ಆ ಕಾರಣ ನಾನೇ ಎಂದು ಚೀರಬೇಕೆನಿಸಿತು ಬ್ರಾಹ್ಮಿಗೆ. ಚೀರುವ ಬದಲು ಆರ್ಡರ್ ಪುಸ್ತಕ ತೆರೆದಳು.

ಅಲ್ಲಿಂದ ಅವನು ದಿನವೂ ಬಂದ. ಹಳೆಯದರ ಅಳತೆ ಕೊಡಲು ಒಂದು ದಿನ, ಬಾಗು ನೋಡಲು ಒಂದು ದಿನ, ಆಮೇಲೆ ಸುಮ್ಮನೆ. ಅವನ ಚೀಲದಲ್ಲಿ ಹಗುರಾದ ಅಲ್ಯೂಮಿನಿಯಂ ಪ್ಲೇಟೊಂದಿತ್ತು, ದೊಡ್ಡದೊಂದು ಸಣ್ಣದೊಂದು ಎರಡು ವಿಂಗ್‌ಗಳಿದ್ದವು. ವಿಂಗ್ ಅಂದರೆ ಪ್ಲೇಟಿಗೂ ಸಿಲಿಂಡರಿಗೂ ನಡುವೆ ಕೂರುವ ಗಾಳಿಚೀಲ. ಗಾಳಿ ತುಂಬಿದರೆ ಮನುಷ್ಯನನ್ನು ಮೇಲೆತ್ತುವುದು ಅದೇ.

"ದೊಡ್ಡ ವಿಂಗ್ ಇದ್ದೂ ಸಣ್ಣದ ಯಾಕ ಕಟ್ಟತೀರಿ?"

"ಅಣ್ಣಂದು ಸಣ್ಣದ ಇತ್ತು."

ಎಲ್ಲದಕ್ಕೂ ಅದೇ ಉತ್ತರ!

ಇಬ್ಬರೂ ಜೈನರು, ಕತ್ತಲಾದ ಮೇಲೆ ಉಣ್ಣುವವರಲ್ಲ. ಹೊತ್ತು ಇಳಿಯುತ್ತಲೇ "ಊಟಾ ಮಾಡ್ರಿ, ಕತ್ತಲಾದ್ರ ಮತ್ತ ಉಪವಾಸ" ಎಂದು ನೆನಪಿಸುವವನೂ ಅವನೇ. ಅಪ್ಪ ಹೋದ ಮೇಲೆ ಅವಳಿಗೆ ಹಾಗೆ ಹೇಳುವವರೇ ಇರಲಿಲ್ಲ. ತನಗೆ ಇವನ ಮೇಲೆ ಮನಸ್ಸಾಗಿದೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

'ಹೇಳಿದರೆ ಇವನು ನನ್ನ ಮುಖ ನೋಡುವುದಿಲ್ಲ... ಹೇಳದಿದ್ದರೆ ಮಡುವಿನಿಂದ ಬರುವುದೇ ಇಲ್ಲ!'

ಒಂದು ಬೆಳಗ್ಗೆ ಬಾಗಿಲು ತೆಗೆದಾಗ ಮೇಜಿನ ಮೇಲೆ ಒದ್ದೆ ಗುರುತಿತ್ತು. ಪ್ಲೇಟಿನದಲ್ಲ. ಅಗಲವಾದ ಹೆಗಲು, ಬೆನ್ನು, ಸೊಂಟ. ಯಾರೋ ನೀರಿನಿಂದ ಎದ್ದುಬಂದು ಅಂಗಾತ ಮಲಗಿ ಹೋದ ಹಾಗೆ.

ಆ ದಿನ ಅವಳು ಹೇಳಿಬಿಟ್ಟಳು.

"ಆ ಪ್ಲೇಟು ಮಾಡಿದಾಕಿ ನಾನ ರೀ. ನಿಮ್ಮಣ್ಣ ಮೂರು ಎಂಎಂ ಕೇಳಿದ್ರು, ನಾ ಆರು ಎಂಎಂ ಉಕ್ಕಿನ ಪತ್ರಾ ಕೊಯ್ದೆ. ಟ್ರಾಲಿಗೆ ದಪ್ಪ ಇದ್ದಷ್ಟೂ ಛಲೋ... ನೀರಿಗೂ ಹಂಗ ಅಂದ್ಕೊಂಡೆ. ಉಪಕಾರ ಮಾಡಾಕತ್ತೀನಿ ಅಂದ್ಕೊಂಡಿದ್ನಿ!"

ಸುಹಾಸ ಪ್ಲೇಟನ್ನು ಕೈಯಲ್ಲಿ ತೂಗಿದ.

"ಅಷ್ಟು ಭಾರ... ಅದರ ಮ್ಯಾಲ ಮುಳಗಾಕಂತ ಸೊಂಟಕ್ಕ ಕಟ್ಟೂ ಸೀಸ, ಅದೂ ಸಮುದ್ರದ ಲೆಕ್ಕದ್ದು! ಹೊಳಿ ನೀರು ಸಮುದ್ರದ ಉಪ್ಪನೀರಿನಂಗ ಎತ್ತಂಗಿಲ್ಲ. ಆ ಸಣ್ಣ ವಿಂಗ್ ಅವನ್ನ ಹೆಂಗ ಏಳಿಸ್ತೈತಿ?" ಸೊಟ್ಟ ಪ್ಲೇಟನ್ನು ಎದೆಗವಚಿಕೊಂಡ. "ಇಷ್ಟು ದಿನಾ ನನ್ನ ಮಾರಿ ನೋಡ್ಕೋತ ಸುಮ್ಮ ಕುಂತ್ರಿ!"

ಹೊರಟೇ ಹೋದ.

ಎರಡು ದಿನ ಬರಲಿಲ್ಲ. ಮೂರನೆಯ ದಿನ ಬ್ರಾಹ್ಮಿಗೆ ತಡೆಯಲಾಗಲಿಲ್ಲ. ಸೊಟ್ಟದ್ದನ್ನೇ ಕಟ್ಟಿಕೊಂಡು ಇಳಿದುಬಿಟ್ಟರೆ? ಶಟರ್ ಎಳೆದು ಹೊಳೆಗೆ ಓಡಿದಳು.

ಮಡುವಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಎದುರಿಗೆ ಸೊಟ್ಟ ಉಕ್ಕಿನದು, ಅಲ್ಯೂಮಿನಿಯಂನದು ಎರಡೂ ಪ್ಲೇಟು, ಎರಡೂ ವಿಂಗ್.

"ಅಣ್ಣ ಕರದಂಗ ಆಗತೈತಿ," ಎಂದ, ತಿರುಗಿ ನೋಡದೆ. "ಯಾವುದು ಕಟ್ಲಿ? ನೀವ ಹೇಳ್ರಿ."

ಅವಳು ಅಲ್ಯೂಮಿನಿಯಂ ಪ್ಲೇಟು ಎತ್ತಿ ಅವನ ಬೆನ್ನಿಗೆ ಹಿಡಿದಳು. ದೊಡ್ಡ ವಿಂಗನ್ನು ಮುಂದಿಟ್ಟಳು. ಅವನು ಸೀಸದ ಬೆಲ್ಟಿನಿಂದ ತಾನೇ ಎರಡು ತುಂಡು ತೆಗೆದಿಟ್ಟ. ಸೊಂಟಕ್ಕೆ ಹಗ್ಗ ಬಿಗಿದು ಇನ್ನೊಂದು ತುದಿ ಅವಳಿಗೆ ಕೊಟ್ಟ.

"ಒಮ್ಮೆ ಜಗ್ಗಿದ್ರ ಅರಾಮದೀನಿ ಅಂತ. ನೀವೂ ಒಮ್ಮೆ ಜಗ್ಗ್ರಿ. ಎರಡು ಸಲ ಜಗ್ಗಿದ್ರ ಮ್ಯಾಲ ಎಳೀರಿ."

ನೀರು ಮುಚ್ಚಿಕೊಂಡಿತು. ಗುಳ್ಳೆಗಳು ಎದ್ದವು, ದೂರವಾದವು, ಕಣ್ಮರೆಯಾದವು...

ಹಗ್ಗ ಒಮ್ಮೆ ಜಗ್ಗಿತು. ಅವಳೂ ಒಮ್ಮೆ ಜಗ್ಗಿದಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಕೊನೆಗೂ ನೀರು ಸೀಳಿ ಅವನ ತಲೆ ಕಂಡಿತು! ಕೈಯಲ್ಲಿ ಕೆಸರು ಮೆತ್ತಿದ ಬೆಲ್ಟು.

"ಅಣ್ಣ ಸಿಗಲಿಲ್ಲ. ಅವನ ಸೀಸ ಸಿಕ್ತು. ಎಂಟೂ ತುಂಡು ಹಂಗ ಅದಾವು." ಏದುಸಿರು ಬಿಡುತ್ತ ಮೆಟ್ಟಿಲೇರಿದ. "ಪ್ಲೇಟು ಕೈಯಾಗ ಹಿಡದ ಕೂಡ್ಲೇ ಭಾರ ತಿಳಿದಿರತೈತಿ ಅವಗ. ಸೀಸ ಇಳಸಬೇಕಿತ್ತು. ಗಡಿಬಿಡಿ ಮಾಡ್ಯಾನ. ತಪ್ಪು ನಿನ್ನದೊಂದ ಅಲ್ಲ, ಬ್ರಾಹ್ಮಿ."

ನಿನ್ನದು ಅಂದನೇ! ಅವಳಿಗೆ ಅಳು ಒತ್ತಿ ಬಂತು.

"ಕೆಳಗ ಇದ್ದುಬಿಡಬೇಕು ಅನಿಸ್ತು. ಮ್ಯಾಲ ನೀ ಹಗ್ಗಾ ಹಿಡಕೊಂಡು ನಿಂತೀ ಅಂತ ಬಂದೆ."

ಅವನು ಸೊಂಟದ ಹಗ್ಗ ಬಿಚ್ಚಿದ. ಆ ತುದಿ ನೀರಿಗೆ ಜಾರಿ ಮುಳುಗಿತು. ಈ ತುದಿ ಇನ್ನೂ ಅವಳ ಕೈಯಲ್ಲೇ ಇತ್ತು.

ಹಗ್ಗ ಬಿಗಿಯಾಯಿತು. ಒಮ್ಮೆ ಜಗ್ಗಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಡುವಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಬ್ರಾಹ್ಮಿ ಮೆಲ್ಲಗೆ, ಒಂದೇ ಸಲ, ತಿರುಗಿ ಜಗ್ಗಿದಳು. ಹಗ್ಗ ಸಡಿಲವಾಯಿತು. ಮೆಟ್ಟಿಲ ಮೇಲಿನ ಉಕ್ಕಿನ ಪ್ಲೇಟು ಇಳಿಬಿಸಿಲಿಗೆ ಒಣಗಿತ್ತು.

ಸುಹಾಸ ಕಣ್ಣೊರೆಸಿಕೊಂಡ. "ಹೊತ್ತು ಮುಳಗಾಕ ಬಂತು. ಊಟಕ್ಕ ನಡಿ."

"ನೀವೂ ಬರ್ರಿ."

"ಇವತ್ತಷ್ಟ?"

"ದಿನಾ ಬರ್ರಿ," ಎಂದಳು ಬ್ರಾಹ್ಮಿ.